ಕೂಗುಮಾರಿಯ ಗಂಟಲು

ಗಂಟಲಲ್ಲಿ ಉಪ್ಪುನೀರು ಗಳಗಳ ಎನ್ನುತ್ತಿರುವಷ್ಟು ಹೊತ್ತು ಯಾರ ಮಾತಿಗೂ ಉತ್ತರ ಕೊಡಬೇಕಾಗಿಲ್ಲ. ಅದಕ್ಕೇ ಅವನು ಬಚ್ಚಲಿನ ಕನ್ನಡಿಯ ಮುಂದೆ ಬೇಕೆಂದೇ ಹೊತ್ತು ಕಳೆಯುತ್ತಿದ್ದ. ಹೊರಗೆ ಮೇಜಿನ ಬಳಿ ಕೂತು ಭಾವ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಅವರಿಗೆ ಪತ್ರಿಕೆ ಓದುವುದೆಂದರೆ ಮನೆಮಂದಿಗೆಲ್ಲ ಓದಿ ಹೇಳುವುದು. ಕನ್ನಡಕದ ಅಂಗಡಿ ನಡೆಸಿ ನಡೆಸಿ, ಲೋಕದಲ್ಲಿ ತಮ್ಮೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಕಣ್ಣು ಮಂದ ಎಂದು ತೀರ್ಮಾನಿಸಿಬಿಟ್ಟಿದ್ದರು. ‘ಆ ದೂರದ ನಗರದ ನೈಟ್‌ಕ್ಲಬ್ಬುಗಳ ಕುಲುಮೆಯಲ್ಲಿ ಬೆಂದು, ಪೆಟ್ಟು ತಿಂದು, ಹದಗೊಂಡು ಬಂದ ನಾಲ್ವರು ಹುಡುಗರು’ ಎಂದು ಓದಿ ನಿಲ್ಲಿಸಿದರು. “ಕುಲುಮೆಯಂತೆ ಕಣೇ,” ಎಂದರು ಅಕ್ಕನಿಗೆ. “ನಿನ್ನ ತಮ್ಮ ಅಲ್ಲಿಂದ ತಂದಿದ್ದು ನೆಗಡಿ ಒಂದೇ ಅಂತ ನಾನು ಅಂದ್ಕೊಂಡಿದ್ದೆ.” ಅಕ್ಕ ನಕ್ಕಳು. ತಮ್ಮನ ಪರ ವಹಿಸಬೇಕಾದ ಕಡೆಯಲ್ಲೆಲ್ಲ ಅವಳು ಹೀಗೆ ನಕ್ಕು ಪಾರಾಗುತ್ತಾಳೆ ಎಂದು ಅವನಿಗೆ ಸಿಟ್ಟು. ಉಪ್ಪುನೀರನ್ನು ಉಗುಳಿ, ಬಾಯಿ ಒರೆಸಿಕೊಂಡು, ಟವೆಲನ್ನು ಬಾಯಿಗೆ ಒತ್ತಿ ಹಿಡಿದು ಒಮ್ಮೆ ಕೂಗಿ ನೋಡಿದ. ಬಂದದ್ದು ಕೆಮ್ಮು. ಇನ್ನೊಮ್ಮೆ ನೋಡಿದ. ಈ ಸಲ ಕೆಮ್ಮೂ ಸರಿಯಾಗಿ ಬರಲಿಲ್ಲ. “ಹೊಟ್ಟೆ ಕೆಟ್ಟಿದೆಯೇನೋ?” ಎಂದು ಅಕ್ಕ ಹೊರಗಿನಿಂದ ಕೇಳಿದಳು.

ಇವತ್ತು ರೆಕಾರ್ಡಿಂಗು. ಮೊದಲನೆಯ ಹಾಡು, ಮೊದಲನೆಯ ಕಂಪನಿ. ಆ ಕಂಪನಿಯವನು ಇವರನ್ನು ಒಪ್ಪಿಕೊಂಡಿದ್ದೇ ಕ್ಲಬ್ಬಿನಲ್ಲಿ ಯಾರೋ ತೆಗೆದ ಒಂದು ಹರಕು ಟೇಪು ಕೇಳಿ. ತಟ್ಟೆ ಲೋಟಗಳ ಸದ್ದಿನ ನಡುವೆ, ಹಾಡಿನ ಮೂರನೆಯ ಚರಣ ಮುಗಿದ ಮೇಲೆ, ಇವನ ಗಂಟಲಿನಿಂದ ಹೊರಟ ಆ ಕೂಗನ್ನು ಕೇಳಿ. ‘ಅದಿದ್ದರೆ ನಾವಿದ್ದೇವೆ, ಅದಿಲ್ಲದಿದ್ದರೆ ನಿಮ್ಮಂಥವರು ಬೀದಿಗೆ ಹತ್ತು ಜನ’ ಎಂದು ಅವನು ಮರ್ಯಾದೆಯಿಂದಲೇ ಹೇಳಿದ್ದ. ಟೇಪು ಕೈಯಿಂದ ಕೈಗೆ ದಾಟಿ, ಆ ಕೂಗಿನಿಂದಾಗಿ ಊರು ಇವನಿಗೆ ಕೂಗುಮಾರಿ ಎಂದು ಹೆಸರಿಟ್ಟಿತ್ತು. ವಾದ್ಯದವರೂ, ಪತ್ರಿಕೆಯವರೂ, ಕೊನೆಗೆ ಅಕ್ಕನೂ ಹಾಗೆಯೇ ಕರೆಯುತ್ತಿದ್ದರು. ಆದರೆ ಊರಿಗೆ ಮರಳಿ ತಿಂಗಳ ಮೇಲಾಯಿತು, ಆ ಕೂಗು ಒಮ್ಮೆಯೂ ಬಂದಿರಲಿಲ್ಲ. ಇದು ತನಗೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ. ಇಲ್ಲಿ ಕೊಟ್ಟ ಎರಡು ಕಾರ್ಯಕ್ರಮಗಳಲ್ಲೂ ಆ ಜಾಗ ಬಂದಾಗ ಹೆದರಿ ಮೈಕನ್ನು ಜನರ ಕಡೆಗೆ ತಿರುಗಿಸಿಬಿಟ್ಟಿದ್ದ. ಸಭೆಗೆ ಸಭೆಯೇ ಗಂಟಲು ಹರಿದುಕೊಂಡು ಕೂಗಿತ್ತು. ಮರುದಿನ ಯಾರೋ ಬರೆದರು, ‘ತನ್ನ ಕೂಗನ್ನು ಜನಸಾಮಾನ್ಯರ ಕೈಗೆ ಒಪ್ಪಿಸಿದ ಗಾಯಕ’ ಎಂದು. ಓದಿ ಅವನಿಗೆ ಅಸಹ್ಯವಾಯಿತು, ಆ ಪುಟವನ್ನು ಹರಿಯದೆ ಮಡಿಸಿಟ್ಟುಕೊಂಡಿದ್ದಕ್ಕೆ ಇನ್ನೂ ಅಸಹ್ಯವಾಯಿತು. ಇವತ್ತು ರೆಕಾರ್ಡಿಂಗ್ ಕೋಣೆಯಲ್ಲಿ ಸಭೆ ಇರುವುದಿಲ್ಲ. ಮೈಕು ತಿರುಗಿಸಿದರೆ ಗೋಡೆ.

ಅಂಗಿ ಹಾಕಿಕೊಂಡು ಹೊರಗೆ ಬಂದಾಗ ಭಾವ ಇನ್ನೂ ಅದೇ ಲೇಖನದಲ್ಲಿದ್ದರು. “ನಿಮ್ಮ ಕಡ್ಡಿ ಜನಕ್ಕೆ ಬೆನ್ನು ತೋರಿಸಿ ನಿಲ್ಲೋದು ಧಿಕ್ಕಾರವಂತಲ್ಲಪ್ಪ,” ಎಂದರು. “ನನ್ನ ಅಂಗಡಿಗೆ ಬಂದು ಹಾಗೆ ನಿಂತ್ರೆ ಕತ್ತು ಹಿಡಿದು ತಿರುಗಿಸ್ತಿದ್ದೆ.” ಅವನು ಬ್ರೆಡ್ಡಿಗೆ ಬೆಣ್ಣೆ ಸವರಿದ. ಧಿಕ್ಕಾರ. ಬೇಸ್ ನುಡಿಸುವ ಕಡ್ಡಿ ಬೆನ್ನು ತಿರುಗಿಸಿದ್ದು ಆ ಮೊದಲನೆಯ ಕ್ಲಬ್ಬಿನಲ್ಲಿ ದೀಪಗಳನ್ನು ವೇದಿಕೆಯ ಕಾಲಬುಡದಲ್ಲಿ ಇಟ್ಟಿದ್ದರಿಂದ. ಅವನ ಕಣ್ಣಿಗೆ ಬೆಳಕು ತಾಗಿದರೆ ದಳದಳ ನೀರು. ಭಾವನ ಅಂಗಡಿಯಲ್ಲಿ ಒಂದು ಬಣ್ಣದ ಕನ್ನಡಕ ಕೊಂಡಿದ್ದರೆ ಧಿಕ್ಕಾರ ಅಲ್ಲಿಗೆ ಮುಗಿಯುತ್ತಿತ್ತು. ಗಿಟಾರಿನವನು, ಅಂದರೆ ಇವನ ಸೋದರಮಾವನ ಮಗ, ಒಂಟಿ ಕಾಲಲ್ಲಿ ನಿಂತು ನುಡಿಸುವುದು ‘ಬೇಟೆಯ ಹಕ್ಕಿಯ ಏಕಾಗ್ರತೆ’ಯಂತೆ. ಎರಡನೆಯ ಕ್ಲಬ್ಬಿನಲ್ಲಿ ಅವನ ಎಡಗಾಲಿನ ಕೆಳಗಿನ ಹಲಗೆ ಮುರಿದಿತ್ತು, ಮೊದಲ ದಿನವೇ ಮೊಣಕಾಲಿನವರೆಗೆ ಒಳಗೆ ಹೋಗಿದ್ದ. ಅದನ್ನು ಸರಿ ಮಾಡಿಸುತ್ತೇನೆ ಎಂದ ಯಜಮಾನ ಮಾಡಿಸಲಿಲ್ಲ, ಮಾವನ ಮಗ ಕಾಲು ಕೆಳಗಿಡಲಿಲ್ಲ. ಡ್ರಮ್ಮಿನ ಮೊದ್ದು ತಾಳದ ತಟ್ಟೆಗಳನ್ನೇ ಬಳಸದೆ ಬಾರಿಸುವುದು ‘ವಿರಕ್ತಿ’. ಅಲ್ಲಿ ಕೊಟ್ಟ ಬಾಡಿಗೆ ಸೆಟ್ಟಿನಲ್ಲಿ ತಟ್ಟೆಗಳೇ ಇರಲಿಲ್ಲ. ಇನ್ನು ಒಂದೊಂದು ಹಾಡನ್ನೂ ನೀರು ಬೆರೆಸಿದ ಹಾಲಿನ ಹಾಗೆ ಎಳೆದೆಳೆದು ಹಿಗ್ಗಿಸುವುದು ‘ಕಾಲದೊಡನೆ ಅನುಸಂಧಾನ’. ಇವರಿಗೆ ಬರುತ್ತಿದ್ದ ಹಾಡುಗಳೇ ಕೆಲವು, ನುಡಿಸುವುದು ನಿಲ್ಲಿಸಿದರೆ ಗಿರಾಕಿಗಳು ಎದ್ದು ಹೋಗುತ್ತಿದ್ದರು, ಯಜಮಾನ ಕೆಂಗಣ್ಣು ಬಿಡುತ್ತಿದ್ದ. ಹಿಗ್ಗಿಸದೆ ಇನ್ನೇನು ಮಾಡಬೇಕಿತ್ತು? ಆ ನಗರ ಇವರನ್ನು ರೂಪಿಸಿತಂತೆ. ಹೌದು, ಕಾಲಿಗೆ ಆಗದ ಚಪ್ಪಲಿ ನಡಿಗೆಯನ್ನು ರೂಪಿಸುತ್ತದಲ್ಲ, ಹಾಗೆ. ಈಗ ಊರಿನ ಹುಡುಗರೆಲ್ಲ ಗಟ್ಟಿ ಹಲಗೆಯ ಮೇಲೆ ಒಂಟಿ ಕಾಲಲ್ಲಿ ನಿಂತು ಗಿಟಾರು ಕುಯ್ಯುತ್ತಿದ್ದರು. ಆ ಮೂರ್ಖರನ್ನು ನೋಡಿದಾಗ ಅವನಿಗೆ ನಗು ಬರಬೇಕಿತ್ತು. ಬರುತ್ತಲೂ ಇತ್ತು, ತನ್ನ ಸರದಿ ನೆನಪಾಗುವವರೆಗೆ.

“ಇವತ್ತು ಸರಿಹೋಗದಿದ್ರೆ ನಾಳೆಯಿಂದ ಅಂಗಡಿಗೆ ಬಂದ್ಬಿಡು,” ಎಂದರು ಭಾವ, ಪತ್ರಿಕೆ ಮಡಿಸುತ್ತ. ಕೊಂಕಿನಿಂದ ಹೇಳಿದ್ದಲ್ಲ, ನಿಜವಾದ ಕಾಳಜಿಯಿಂದಲೇ ಹೇಳಿದ್ದು, ಅದೇ ಅವನಿಗೆ ಮೈ ಉರಿಸಿತು. “ಅಕ್ಷರದ ಪಟ ತೋರಿಸೋದಕ್ಕೆ ಗಂಟಲು ಬೇಕಾಗಲ್ಲ. ಕೋಲಿದ್ರೆ ಸಾಕು.” ಆ ನಗರಕ್ಕೆ ಹೊರಡುವ ಮುಂಚೆ ಅವನು ಎರಡು ವರ್ಷ ಆ ಕೆಲಸ ಮಾಡಿದ್ದ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಪಟದಲ್ಲಿನ ಅಕ್ಷರಗಳನ್ನು ಕೋಲಿನಿಂದ ತೋರಿಸುವುದು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಎಂಥ ದೊಡ್ಡ ಮನುಷ್ಯರೂ ಕಾಣದ್ದನ್ನು ಕಂಡಂತೆ ಊಹಿಸಿ ಹೇಳುತ್ತಿದ್ದರು. ತಪ್ಪಾಗಿದೆ ಎಂದು ತಿಳಿದೂ ಅವನು ಹೂಂಗುಟ್ಟಿ ಮುಂದಿನ ಅಕ್ಷರಕ್ಕೆ ಕೋಲು ಒಯ್ಯುತ್ತಿದ್ದ. ಆಗೆಲ್ಲ ಬಾಯಲ್ಲೇ ಗುನುಗಿಕೊಳ್ಳುತ್ತಿದ್ದ. ಆಗಿನ ಅವನ ದನಿ ಸಣ್ಣದು, ಮೆತ್ತನೆಯದು. ಪಕ್ಕದ ಕುರ್ಚಿಯವರಿಗೆ ಕೇಳಿದರೆ ಹೆಚ್ಚು. ಅಂಥ ದನಿ ಇಟ್ಟುಕೊಂಡು ಆ ನಗರಕ್ಕೆ ಹೋಗಿದ್ದ ಎಂದು ಈಗ ಯಾರಿಗೂ ಹೇಳುವಂತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೂರನೆಯ ಕ್ಲಬ್ಬಿನ ಯಜಮಾನ ಇಂಥದ್ದೇ ಕಿಟಕಿಯ ಗಾಜಿನಷ್ಟು ನುಣ್ಣನೆಯ ಬೋಳುತಲೆಯವನು. ಬಾಗಿಲಿಗೆ ಎದುರಾಗಿ, ಲೋಟಗಳ ಕಟ್ಟೆಯ ಪಕ್ಕ, ಎತ್ತರದ ಕುರ್ಚಿಯಲ್ಲಿ ಕೂರುತ್ತಿದ್ದ. ಅವನಿಗೆ ಇವರ ಹಾಡು ಬೇಕಿರಲಿಲ್ಲ; ಸದ್ದು ಬೇಕಿತ್ತು. ಮೊದಲ ದಿನ ಇವನ ಮೆತ್ತನೆಯ ಹಾಡು ಕೇಳಿ ಕೆಳತುಟಿ ಮುಂದೆ ಮಾಡಿ ಏನೋ ಅಂದಿದ್ದ, ಗಿರಾಕಿಗಳು ನಕ್ಕಿದ್ದರು. ಆವತ್ತು ಮಲಗುವ ಮುಂಚೆ, ಬೀರಿನ ಖಾಲಿ ಪೆಟ್ಟಿಗೆಗಳನ್ನು ಒಟ್ಟಿದ್ದ ಆ ಹಿಂಭಾಗದ ಕೋಣೆಯಲ್ಲಿ ಮಾವನ ಮಗ ಹೇಳಿದ: “ಯಜಮಾನರಿಗೆ ನಮ್ಮ ಮಾತು ನಾಕು ಕಲಿಸಿದೀನಿ ಕಣೋ. ನೀರು, ಹಾಡು, ಸಾಕು, ಕೂಗು. ಮನುಷ್ಯ ಚುರುಕು, ತಕ್ಷಣ ಹಿಡ್ಕೊಂಡ.” ಮರುದಿನ ಹಾಡು ನಡೆಯುತ್ತಿರುವಾಗ ಹೊಸ ಗುಂಪೊಂದು ಬಾಗಿಲು ತಳ್ಳಿಕೊಂಡು ಒಳಗೆ ಬಂತು, ಯಜಮಾನ ಕುರ್ಚಿಯಲ್ಲಿ ಎದ್ದು ನಿಂತಂತೆ ಮಾಡಿ ಅಬ್ಬರಿಸಿದ: “ಕೂಗು!” ಪರದೇಶದಲ್ಲಿ, ಹಸಿದ ಹೊಟ್ಟೆಯಲ್ಲಿ, ನಮ್ಮ ಮಾತು ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ಆ ಲೇಖನ ಬರೆದವನಿಗೆ ಏನು ಗೊತ್ತು. ಅವನು ಕೂಗಿದ. ಹಾಡು ನಡುವೆಯೇ ಮುರಿದು ಹೋಯಿತು. ತನ್ನ ಗಂಟಲೊಳಗೆ ಅಂಥದ್ದೊಂದು ಕೂತಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ಗಿರಾಕಿಗಳು ಲೋಟ ಕೆಳಗಿಟ್ಟು ತಿರುಗಿ ನೋಡಿದರು. ಯಜಮಾನನೂ ತಿರುಗಿ ನೋಡಿದ. ಆಮೇಲೆ ಇನ್ನೊಂದು ಗುಂಪು ಬಂತು, ಮತ್ತೆ “ಕೂಗು!” ಹೊಸಬರು ಬಂದಾಗಲೆಲ್ಲ ಕೂಗಬೇಕು, ಅವರನ್ನು ಹಿಡಿದು ಕೂರಿಸಬೇಕು ಎಂದು ಅವನು ಅರ್ಥ ಮಾಡಿಕೊಂಡ. ವ್ಯಾಪಾರದ ಗುಟ್ಟು ಎಂದು ಯಜಮಾನನ ಬುದ್ಧಿಗೆ ತಲೆದೂಗಿದ. ಎರಡು ವಾರ ಕಳೆಯುವಷ್ಟರಲ್ಲಿ ಬೀದಿಯಲ್ಲಿದ್ದವರು ಆ ಕೂಗಿಗಾಗಿಯೇ ಒಳಗೆ ಬರತೊಡಗಿದರು.

“ನೀವು ಕೂಗುಮಾರಿ ಅಲ್ವಾ?” ಎಂದಳು ಮುಂದಿನ ಸೀಟಿನ ಹುಡುಗಿ, ಪೂರ್ತಿ ತಿರುಗಿ ಕೂತು. ಪಕ್ಕದಲ್ಲಿ ಅವಳ ಗೆಳತಿ. ಅವನು ತಲೆ ಅಲ್ಲಾಡಿಸಿದ, ಹೌದೋ ಅಲ್ಲವೋ ತಿಳಿಯದ ಹಾಗೆ. “ಒಂದ್ಸಲ ಕೂಗಿ ಅಣ್ಣ, ಇವಳು ಕೇಳಿಲ್ಲ.” ಅವನು ಗಂಟಲು ಮುಟ್ಟಿ ತೋರಿಸಿ, ಇವತ್ತು ಬೇಡ, ಕೆಲಸ ಇದೆ ಎಂದ. “ಸಣ್ಣದಾಗಿ,” ಎಂದಳು ಹುಡುಗಿ. ಸಣ್ಣದಾಗಿ ಕೂಗುವುದು ಹೇಗೆ ಎಂದು ಅವನು ಕೇಳಬಹುದಿತ್ತು. ಬದಲು, ಯಾಕೋ, ಒಂದು ಕ್ಷಣ ನಿಜವಾಗಿಯೇ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಗೆಳತಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, “ಇವರಲ್ಲ ಬಿಡೇ, ಅವರು ಇನ್ನೂ ಎತ್ತರ,” ಎಂದಳು. ಇಬ್ಬರೂ ಮುಂದಕ್ಕೆ ತಿರುಗಿ ಬೇರೆ ಏನೋ ಮಾತಾಡಿಕೊಂಡರು. ತಾನೇ ಅವನು ಎಂದು ಅವರ ಭುಜ ತಟ್ಟಿ ಹೇಳಬೇಕೆನಿಸಿತು, ಹೇಳಿದರೆ ಮತ್ತೆ ಕೂಗಲು ಕೇಳುತ್ತಾರೆ ಎಂದು ಸುಮ್ಮನಾದ. ಎರಡು ಸ್ಟಾಪು ಮೊದಲೇ ಇಳಿದು ನಡೆದ.

ಕೂಗು ಹೋದದ್ದು ಆ ನಗರದಿಂದ ಹೊರಡುವ ವಾರ. ಮಧ್ಯಾಹ್ನದ ಹೊತ್ತು, ಕ್ಲಬ್ಬು ಇನ್ನೂ ತೆರೆದಿರಲಿಲ್ಲ. ಬಂದವರ ಕೋಟುಗಳನ್ನು ತೆಗೆದಿಟ್ಟುಕೊಳ್ಳುವ ಹೆಂಗಸು ತನ್ನ ಗೂಡಿನಂಥ ಜಾಗದಲ್ಲಿ ಕೂತು ಇವನ ಕೋಟಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಅವಳ ವಯಸ್ಸು ಅಮ್ಮನದ್ದಕ್ಕಿಂತ ಹೆಚ್ಚು, ಮಾತು ಕಡಿಮೆ. ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ಇಂಗ್ಲಿಷಿನಲ್ಲಿ ದಿನಕ್ಕೆ ನಾಲ್ಕು ಮಾತಾಡಿಕೊಳ್ಳುತ್ತಿದ್ದರು. ಆ ಊರಿನಲ್ಲಿ ಅವನನ್ನು ಊಟವಾಯಿತಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಸಾಮಾನು ತಂದವನು ಬಾಗಿಲನ್ನು ಹಾರುಹೊಡೆದು ಬಿಟ್ಟು ಹೋಗಿದ್ದ, ಚಳಿಗಾಳಿ ನುಗ್ಗುತ್ತಿತ್ತು. ಅವಳು ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ, ಬೇಸರದಿಂದ, ತನಗೆ ತಾನೇ ಅಂದಳು: “ಕೂಗು, ಕೂಗು.” ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಅವನಿಗೆ ನಗು ಬಂತು. ಯಜಮಾನರ ಹಾಗೆ ನೀನೂ ನಮ್ಮ ಮಾತು ಕಲಿತುಬಿಟ್ಟೆ ಎಂದ. ಅವಳಿಗೆ ಅರ್ಥವಾಗಲಿಲ್ಲ. ನಿಮ್ಮ ಮಾತು ಯಾವುದು ಎಂದಳು. ಅವನು ಆ ಪದ ಹೇಳಿದ. ಅವಳು ಅವನ ಮುಖವನ್ನೇ ನೋಡಿ, ಮತ್ತೆ ಎದ್ದು ಹೋಗಿ ಬಾಗಿಲು ತೆಗೆದಳು, ಹಾಕಿದಳು, ಚಿಲಕ ಸರಿಸಿದಳು. ಮಗುವಿಗೆ ಕಲಿಸುವ ಹಾಗೆ ಚಿಲಕದ ಮೇಲೆ ಬೆರಳಿಟ್ಟು ಹೇಳಿದಳು: “ಕೂಗು.”

ಅಷ್ಟೇ. ಬೋಳುತಲೆಗೆ ಚಳಿ ಬಡಿದಾಗಲೆಲ್ಲ ಯಜಮಾನ ಬಾಗಿಲು ಕಾಯುವವನಿಗೆ ಬಾಗಿಲು ಹಾಕು ಎಂದು ಗದರುತ್ತಿದ್ದ. ಇವನು ಅದಕ್ಕೆ ಕರುಳು ಬಾಯಿಗೆ ಬರುವ ಹಾಗೆ ಕೂಗುತ್ತಿದ್ದ. ಅಷ್ಟು ದಿನ, ಅಷ್ಟು ಸಲ. ಹೆಂಗಸಿಗೆ ನಿಧಾನಕ್ಕೆ ಅರ್ಥವಾಯಿತು. ಅವಳು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. “ನೀನು ಮೊದಲ ದಿನ ಹಾಡಿದ್ದು ನನಗೆ ಕೇಳಿಸಿತ್ತು,” ಎಂದಳು. “ಆಮೇಲಿನಿಂದ ಹತ್ತಿ.” ಕಿವಿಯೊಳಗಿನ ಹತ್ತಿಯ ಉಂಡೆಯನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. ಅವನಿಗೆ ಅವಮಾನದಿಂದ ಮೈಯೆಲ್ಲ ಬಿಸಿಯಾಯಿತು. ಗುಂಡಿ ಅರ್ಧ ಹೊಲಿದಿದ್ದ ಕೋಟನ್ನು ಅವಳ ಕೈಯಿಂದ ಕಿತ್ತುಕೊಂಡು ಹೊರಗೆ ಬಂದುಬಿಟ್ಟ. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಹೊರಡುವ ದಿನ ಅವಳ ಗೂಡಿನ ಮುಂದೆಯೇ ಹಾದುಹೋಗಬೇಕಿತ್ತು. ಮೊದ್ದುವಿನ ಬಟ್ಟೆ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಮುಖ ಮರೆಸಿಕೊಂಡು ಹೋದ. ಮೊದ್ದು, ತನ್ನ ಪೆಟ್ಟಿಗೆ ಇವನೇಕೆ ಹೊತ್ತ ಎಂದು ಬೆರಗಾಗಿದ್ದ. ಈಗಲೂ ಕೆಲವು ಬೆಳಿಗ್ಗೆ ಹಲ್ಲುಜ್ಜುತ್ತ ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಏನು ಹೇಳಬಹುದಿತ್ತು ಎಂದು ಅವನು ವಾಕ್ಯ ಜೋಡಿಸುವುದುಂಟು.

ಉಳಿದ ಮೂವರಿಗೆ ಹೇಳಲಿಲ್ಲ. ಮೊದಮೊದಲು ನಾಚಿಕೆಯಿಂದ. ಆಮೇಲೆ ಆ ನಾಚಿಕೆ ಮೆಲ್ಲಗೆ ಒಂದು ಬಗೆಯ ಜಂಬವಾಯಿತು. ಇವರೆಲ್ಲ ಸಂದರ್ಶನಗಳಲ್ಲಿ ಕೂತು ಆ ಬೀದಿ ನಮ್ಮ ಪಾಠಶಾಲೆ, ಆ ಯಜಮಾನರು ನಮ್ಮ ಗುರು ಎಂದು ಕೊರೆಯುವಾಗ ಅವನು ಪಕ್ಕದಲ್ಲಿ ಕೂತು ಒಳಗೊಳಗೇ ತಿರಸ್ಕಾರದಿಂದ ಬೆಚ್ಚಗಾಗುತ್ತಿದ್ದ. ಬಡ್ಡೀಮಕ್ಕಳಾ, ನಿಮ್ಮ ಕೀರ್ತಿಯೆಲ್ಲ ನಿಂತಿರುವುದು ಒಂದು ಚಿಲಕದ ಮೇಲೆ, ಅದು ಗೊತ್ತಿರುವವನು ನಾನೊಬ್ಬ. ಈ ತಿರಸ್ಕಾರ ಒಂದಿದ್ದುದರಿಂದಲೇ ಅವನು ತಲೆ ಎತ್ತಿಕೊಂಡು ಓಡಾಡುತ್ತಿದ್ದ. ಆದರೆ ಗಂಟಲಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಅದಕ್ಕೆ ಒಂದೇ ಅರ್ಥವಾಗಿತ್ತು: ಯಾರೂ ತನಗೆ ಕೂಗು ಎಂದಿರಲಿಲ್ಲ. ಕರೆಯದ ಮನೆಗೆ ಹೋಗಲು ನಾಚುವವರ ಹಾಗೆ ಅದು ಒಳಗೇ ಕೂತುಬಿಟ್ಟಿತ್ತು.

ರೆಕಾರ್ಡಿಂಗ್ ಕೋಣೆ ಒಂದು ಪೀಠೋಪಕರಣದ ಗೋದಾಮಿನ ಮೇಲಿತ್ತು. ಗೋಡೆಗೆ ಹಳೆಯ ಜಮಖಾನೆಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು, ವಾರ್ನಿಷಿನ ವಾಸನೆ ನೆಲದಿಂದ ಮೇಲಕ್ಕೆ ಬರುತ್ತಿತ್ತು. ಗಾಜಿನಾಚೆ ಧ್ವನಿ ಹಿಡಿಯುವವನು, ಅವನ ಪಕ್ಕ ಕಂಪನಿಯವನು. ಕಂಪನಿಯವನು ಹೊಸ ಬೂಟು ಹಾಕಿಕೊಂಡಿದ್ದ, ಅವು ಕಚ್ಚುತ್ತಿದ್ದವೆಂದು ಕಾಣುತ್ತದೆ, ಒಂದನ್ನು ಕಳಚಿ ಕಾಲ್ಚೀಲದ ಕಾಲನ್ನು ಇನ್ನೊಂದರ ಮೇಲಿಟ್ಟುಕೊಂಡಿದ್ದ. ಕಡ್ಡಿ ಜಮಖಾನೆಗೆ ಮುಖ ಮಾಡಿ ನಿಂತಿದ್ದ. ಮಾವನ ಮಗ, ಮುಂದೆ ಸಭೆಯೇನೂ ಇಲ್ಲದಿದ್ದರೂ, ಎಡಗಾಲು ಎತ್ತಿದ್ದ. ಹಾಡಿನ ಮೊದಲ ಭಾಗ ಸಲೀಸಾಗಿ ಮುಗಿಯಿತು. ಮೂರನೆಯ ಚರಣ, ಮೊದ್ದುವಿನ ಒಂದು ಸುತ್ತು, ಆಮೇಲೆ ಆ ಖಾಲಿ ಜಾಗ. ಅವನು ಬಾಯಿ ತೆರೆದ. ನೋವಾದವನು ನರಳಿದ ಹಾಗೆ ಏನೋ ಹೊರಟಿತು. “ಮತ್ತೊಮ್ಮೆ,” ಎಂದಿತು ಗಾಜಿನಾಚೆಯ ದನಿ. ಮತ್ತೊಮ್ಮೆ, ಮೇಲಿಂದ ಬಿದ್ದವನ ಹಾಗೆ. “ಮತ್ತೊಮ್ಮೆ, ಸರ್.” ಆ ಸರ್ ಎಂಬುದನ್ನು ಅವನು ಗಮನಿಸಿದ, ಗಿರಾಕಿಯ ಮೇಲೆ ನಂಬಿಕೆ ಹೋದಾಗ ಭಾವನೂ ಹೀಗೆಯೇ ಸರ್ ಎನ್ನಲು ಶುರುಮಾಡುತ್ತಿದ್ದರು. ಕೊನೆಕೊನೆಗೆ ಬಂದದ್ದು ನಾಟಕದ ರಾಕ್ಷಸನ ಗರ್ಜನೆ. ಕಡ್ಡಿಯ ಬೆನ್ನು ನಕ್ಕಿತು. ಬೆನ್ನು ನಗುವುದು ಚೆನ್ನಾಗಿ ಗೊತ್ತಾಗುತ್ತದೆ, ಭುಜಗಳು ಕುಣಿಯುತ್ತವೆ.

ಕಂಪನಿಯವನು ಬೂಟು ಮೆಟ್ಟಿಕೊಂಡು ಕುಂಟುತ್ತ ಒಳಗೆ ಬಂದ. ಬೈಯಲಿಲ್ಲ. ಎಲ್ಲರಿಗೂ ಚಹಾ ಹೇಳಿ, ಕಿಟಕಿಯ ಬಳಿ ನಿಂತು, ಯಾರನ್ನೂ ನೋಡದೆ, “ಹಾಡು ಚೆನ್ನಾಗಿದೆ. ವಾದ್ಯವೂ ಚೆನ್ನಾಗಿದೆ,” ಎಂದ. “ನಮ್ಮಲ್ಲಿ ಒಬ್ಬ ಹುಡುಗ ಇದಾನೆ. ನಿಮ್ಮ ಟೇಪು ಕೇಳಿಸಿದ್ದೆ. ಥೇಟ್ ಅದೇ ಥರ ಕೂಗ್ತಾನೆ. ಕೂಗಿಗೆ ಮಾತ್ರ ಅವನನ್ನ ಕರೆಸಿದ್ರೆ ನಿಮಗೇನಾದ್ರೂ ಅಭ್ಯಂತರವಾ?” ಕೇಳಿದ್ದು ಇವನನ್ನಲ್ಲ, ಮಾವನ ಮಗನನ್ನು. ಮಾವನ ಮಗ ಲೋಟದ ಚಹಾ ಊದಿಕೊಂಡು, ಅರ್ಧ ಗಂಟೆ ಕೊಡಿ ಎಂದ. ಅರ್ಧ ಗಂಟೆ ಬೇಡುವ ದನಿಯಲ್ಲ ಅದು. ಅಂಗಡಿಯವನು ಒಳಗೆ ಹೋಗಿ ಇನ್ನೊಂದು ಮಾದರಿ ತರುತ್ತೇನೆ ಎನ್ನುವ ದನಿ. ಇವನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು. ಆ ಹುಡುಗ ಕೂಗುತ್ತಾನೆ, ಹೆಸರು ಇವನದ್ದು. ಆಮೇಲೆ ಎರಡನೆಯ ಹಾಡಿಗೆ ಹೆಸರೂ ಅವನದ್ದೇ. ಊರಲ್ಲಿ ಇನ್ನೊಬ್ಬ ಕೂಗುಮಾರಿ ಓಡಾಡುತ್ತಾನೆ. ಬಸ್ಸಿನಲ್ಲಿ ಹುಡುಗಿಯರು ಕೇಳಿದರೆ ಸಣ್ಣದಾಗಿ ಕೂಗಿಯೂ ತೋರಿಸುತ್ತಾನೆ. ಇವನು ಕೋಲು ಹಿಡಿದು ಪಟದ ಪಕ್ಕ ನಿಂತಿರುತ್ತಾನೆ, ಕೊನೆಯ ಸಾಲಿನ ಸುಳ್ಳುಗಳಿಗೆ ಹೂಂಗುಟ್ಟುತ್ತ.

ಚಹಾ ಮುಗಿದ ಮೇಲೆ ಕಡ್ಡಿ ಮತ್ತು ಮೊದ್ದು ಗಾಜಿನಾಚೆಗೆ ಹೋಗಿ ಕೂತರು. ಕೋಣೆಯಲ್ಲಿ ಇವನು, ಮಾವನ ಮಗ, ಮೈಕು. “ಬಾ ಇಲ್ಲಿ, ಹತ್ತಿರ ನಿಲ್ಲು,” ಎಂದು ಮಾವನ ಮಗ ಅವನ ಭುಜ ಹಿಡಿದು ಮೈಕಿನ ಮುಂದೆ ನಿಲ್ಲಿಸಿದ. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದ್ದವರು. ಆ ಕೈ ಭುಜದ ಮೇಲೆ ಬಿದ್ದಾಗ ಅವನಿಗೆ ಅಳು ಬಂದಂತಾಯಿತು. ಎಲ್ಲವನ್ನೂ ಇವನಿಗೆ ಹೇಳಿಬಿಡೋಣ ಎನಿಸಿತು. ಹೇಳಿದರೆ ಪಾಪ ಇವನಿಗೂ ಆಘಾತವಾಗುತ್ತದೆ ಎಂದು ಒಂದು ಕ್ಷಣ ಕನಿಕರವೂ ಹುಟ್ಟಿತು.

“ಒಂದು ಮಾತು ಹೇಳ್ಬೇಕು,” ಎಂದ ಅವನು. “ಆ ಯಜಮಾನ ಕೂಗು ಅಂತಿದ್ನಲ್ಲ—”

“ಬಾಗಿಲು ಹಾಕು ಅಂತ,” ಎಂದ ಮಾವನ ಮಗ.

ಅವನಿಗೆ ತಕ್ಷಣಕ್ಕೆ ಅರ್ಥವಾಗಲಿಲ್ಲ. ಕೋಣೆಯ ಬಾಗಿಲಿನ ಕಡೆ ತಿರುಗಿ ನೋಡಿದ. ಅದು ಹಾಕಿಯೇ ಇತ್ತು.

“ಗೊತ್ತು ಕಣೋ. ಮೊದಲನೇ ವಾರದಿಂದ ಗೊತ್ತು. ನಮ್ಮ ಮೂವರಿಗೂ.” ಮಾವನ ಮಗನ ದನಿಯಲ್ಲಿ ಏರುಪೇರಿಲ್ಲ. “ಆ ಬಾಗಿಲು ಕಾಯೋನೇ ಮೊದ್ದುಗೆ ಹೇಳಿದ್ದ. ಮೊದ್ದು ಬಂದು ನಮಗೆ ಹೇಳ್ದ. ಬಿದ್ದು ಬಿದ್ದು ನಕ್ವಿ. ನೀನು ಪಕ್ಕದಲ್ಲೇ ಮಲಗಿದ್ದೆ.”

“ನೀನೇ ತಾನೇ ಕಲಿಸಿದ್ದೆ,” ಎಂದ ಅವನು. “ನಾಕು ಮಾತು. ನೀರು, ಹಾಡು—”

“ನಾನೇನೂ ಕಲಿಸಿಲ್ಲ. ನೀನು ಆವತ್ತು ಮೂಲೇಲಿ ಮುಖ ಊದಿಸ್ಕೊಂಡು ಕೂತಿದ್ದೆ, ಸಮಾಧಾನಕ್ಕೆ ಏನೋ ಒಂದು ಅಂದೆ. ಅದೃಷ್ಟಕ್ಕೆ ಅವನ ಬಾಯಲ್ಲೂ ಅದೇ ಪದ ಬಂತು. ಬಂದ ಮೇಲೆ ನಾವ್ಯಾಕೆ ಕೆಡಿಸೋಣ? ಹೇಳಿದ್ರೆ ನೀನು ಕೂಗ್ತಿದ್ಯಾ? ಮತ್ತೆ ಆ ಸೊಳ್ಳೆ ದನೀಲಿ ಹಾಡ್ತಿದ್ದೆ, ನಮ್ಮನ್ನ ಮೂರೇ ದಿನಕ್ಕೆ ಓಡಿಸ್ತಿದ್ರು.” ಮಾವನ ಮಗ ಅವನ ಕಾಲರಿನ ಮೇಲೆ ಅಂಟಿದ್ದ ಬ್ರೆಡ್ಡಿನ ಚೂರನ್ನು ಉಗುರಿನಿಂದ ತೆಗೆದ. “ನಿನಗೆ ಗೊತ್ತಾದ ದಿನಾನೂ ನಮಗೆ ಗೊತ್ತಾಯ್ತು. ಆವತ್ತು ನೀನು ಕೂಗಿದ್ದು ಕೇಳಿ ಕಡ್ಡಿ ಅಂದ, ಮುಗೀತು, ಇವನಿಗೆ ಯಾರೋ ಹೇಳ್ಬಿಟ್ರು ಅಂತ. ನೀನೊಬ್ಬನೇ ಬುದ್ಧಿವಂತನ ಥರ ತುಟಿ ಬಿಗ್ಕೊಂಡು ಕೂತಿರ್ತಿದ್ದೆ ಸಂದರ್ಶನದಲ್ಲಿ. ನಾವು ಒಬ್ಬರ ಮುಖ ಒಬ್ಬರು ನೋಡೋ ಹಾಗಿರ್ಲಿಲ್ಲ, ನಗು ಬಂದ್ಬಿಡೋದು.”

ಅವನಿಗೆ ಎಲ್ಲ ಒಟ್ಟಿಗೆ ಕಂಡಿತು. ಹಿಂಭಾಗದ ಆ ಕೋಣೆಯಲ್ಲಿ ಪೆಟ್ಟಿಗೆಗಳ ಆಚೆ ಬಾಯಿಗೆ ಕಂಬಳಿ ತುರುಕಿಕೊಂಡು ನಗುವ ಮೂವರು. ತಾನು ಈಚೆ, ನಾಳೆ ಇನ್ನೂ ಗಟ್ಟಿಯಾಗಿ ಕೂಗಬೇಕು ಎಂದುಕೊಂಡು ನಿದ್ದೆ ಹೋಗುತ್ತಿದ್ದದ್ದು. ವೇದಿಕೆಯಲ್ಲಿ ತಿರುಗಿ ನಿಂತ ಕಡ್ಡಿಯ ಕುಣಿಯುವ ಭುಜಗಳು. ತಾಳಕ್ಕೆ ಕುಣಿಯುತ್ತಿದ್ದವು ಎಂದುಕೊಂಡಿದ್ದ. ಇವರನ್ನು ಕೀಳೆಂದು ಬಗೆದು ತಾನು ಬೆಚ್ಚಗಾಗುತ್ತಿದ್ದ ಅಷ್ಟೂ ದಿನ ಇವರು ತನ್ನನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದರು. ಅವನಿಗೆ ಕೇಳಬೇಕಾಗಿದ್ದದ್ದು ಒಂದು ಸಣ್ಣ ಮಾತು: ಯಾಕೋ ಹೇಳಲಿಲ್ಲ. ಆ ಮಾತಿಗೆಂದು ಬಾಯಿ ತೆರೆದ. ಮಾತು ಬರಲಿಲ್ಲ. ಅಂಗಾಲಿನಿಂದ ಏನೋ ಎದ್ದು, ಹೊಟ್ಟೆಯನ್ನು ಹಿಂಡಿ, ಗಂಟಲಿನ ಎರಡೂ ಗೋಡೆಗಳನ್ನು ಗೀರಿಕೊಂಡು ಹೊರಗೆ ಬಂತು. ಅದು ಬರುತ್ತಲೇ ಇತ್ತು. ಕಿಟಕಿಯ ಗಾಜು ಜುಂ ಎಂದಿತು, ಕೆಳಗೆ ಗೋದಾಮಿನಲ್ಲಿ ಯಾರೋ ಸುತ್ತಿಗೆ ನಿಲ್ಲಿಸಿದರು. ಕಣ್ಣು ಕತ್ತಲೆಗಟ್ಟಿ ಅವನು ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಉಸಿರು ತೀರಿ ಅದು ನಿಂತ ಮೇಲೆ ಕೋಣೆ ಬಹಳ ಸಣ್ಣದಾಗಿ ಕಾಣಿಸಿತು.

ಮಾವನ ಮಗ ಯಾವಾಗಲೋ ಮೂರು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತಿದ್ದ, ತನ್ನ ಉಸಿರಿನ ಸದ್ದೂ ಸೇರದ ಹಾಗೆ. ಅವನು ನೋಡುತ್ತಿದ್ದದ್ದು ಇವನನ್ನಲ್ಲ, ಗಾಜನ್ನು. “ಬಂತಾ?” ಎಂದು ಕೇಳಿದ. ಗಾಜಿನಾಚೆಯಿಂದ ಧ್ವನಿ ಹಿಡಿಯುವವನು ಹೆಬ್ಬೆರಳು ಎತ್ತಿ ತೋರಿಸಿದ. ಬಾಗಿಲಿನ ಮೇಲೆ, ರೆಕಾರ್ಡಿಂಗ್ ನಡೆಯುವಾಗ ಉರಿಯುವ ಕೆಂಪು ದೀಪ ಆಗಷ್ಟೇ ಆರಿತು. ಅದು ಹತ್ತಿಕೊಂಡೇ ಇತ್ತು ಎಂದು ಅವನಿಗೆ ಆಗ ಗೊತ್ತಾಯಿತು.

ಕಂಪನಿಯವನು ಎರಡೂ ಬೂಟು ಬಿಟ್ಟು ಕಾಲ್ಚೀಲದಲ್ಲೇ ಓಡಿಬಂದು ಅವನ ಕೈ ಹಿಡಿದು ಕುಲುಕಿದ. ಅದ್ಭುತ, ಅದ್ಭುತ, ಆ ಕ್ಲಬ್ಬುಗಳಲ್ಲಿ ಪಳಗದೆ ಇದು ಸಾಧ್ಯವೇ ಇಲ್ಲ ಎಂದ. ಮೊದ್ದು ಬಂದು ಬೆನ್ನು ತಟ್ಟಿದ. ಕಡ್ಡಿ ಅವನ ಮುಖ ನೋಡದೆ, ಚೆನ್ನಾಗಿ ಬಂತು ಕಣೋ ಎಂದ. ಅವನು ಯಾರಿಗಾದರೂ ಒಂದು ಏಟು ಬಿಗಿಯಬೇಕು, ಇಲ್ಲವೇ ಬಾಗಿಲು ತೆರೆದು ಮೆಟ್ಟಿಲು ಇಳಿದು ಹೋಗಬೇಕು ಎಂದುಕೊಂಡ. ಯಾವುದು ಮೊದಲು ಎಂದು ಯೋಚಿಸುತ್ತಿರುವಾಗ ಯಾರೋ ಅವನನ್ನು ಗಾಜಿನಾಚೆಯ ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನನ್ನು ಕಿವಿಗೆ ಹಾಕಿದ್ದರು.

ಮೂರನೆಯ ಚರಣ, ಮೊದ್ದುವಿನ ಸುತ್ತು, ಆಮೇಲೆ ಅದು. ಅದರೊಳಗೆ ಮಾವನ ಮಗನ ಮೋಸ ಕೇಳಿಸಬಹುದು, ಕಂಬಳಿಯೊಳಗಿನ ನಗು ಕೇಳಿಸಬಹುದು ಎಂದು ಹೆದರಿದ್ದ. ಏನೂ ಕೇಳಿಸಲಿಲ್ಲ. ಕೂಗು ಮಾತ್ರ ಇತ್ತು, ಮತ್ತು ಅದು ಆ ಕ್ಲಬ್ಬಿನ ಯಾವ ಕೂಗಿಗಿಂತಲೂ ಚೆನ್ನಾಗಿತ್ತು. ಕಂಪನಿಯ ಆ ಹುಡುಗ ತಲೆ ಕೆಳಗಾಗಿ ನಿಂತರೂ ಇದು ಅವನಿಂದ ಬರುವುದಿಲ್ಲ ಎನಿಸಿ ಮೈ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ತನ್ನ ಮೇಲೇ ಉಗಿಯಬೇಕೆನಿಸಿತು. ಇನ್ನೊಮ್ಮೆ ಕೇಳಿದ. ಮಗದೊಮ್ಮೆ ಕೇಳುವಾಗ ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ, ಹುಬ್ಬು ಗಂಟಿಕ್ಕಿದ. ಹೆಡ್‌ಫೋನು ತೆಗೆದಿಟ್ಟು ಎದ್ದು ಒಳಗೆ ಹೋದ. ಮಾವನ ಮಗ ಗಿಟಾರನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವನನ್ನು ಕಂಡು, ಏಟು ಬೀಳಬಹುದೆಂದು ಒಂದು ಕೈ ಅಡ್ಡ ಹಿಡಿದ.

“ಕೊನೆ ಸ್ವಲ್ಪ ಗಿಡ್ಡ ಆಯ್ತು,” ಎಂದ ಅವನು ಮೈಕಿನ ಮುಂದೆ ನಿಲ್ಲುತ್ತ. “ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಹೇಳು.”

ಮಾವನ ಮಗ ಕೈ ಇಳಿಸಿದ. ಅವನನ್ನೊಮ್ಮೆ ನೋಡಿ, ಸ್ವಲ್ಪ ಯೋಚಿಸಿ, ಗಿಟಾರಿನ ಪೆಟ್ಟಿಗೆ ಮುಚ್ಚಿ, ಕೆಂಪು ದೀಪ ಹಾಕುವಂತೆ ಗಾಜಿನಾಚೆಗೆ ಸನ್ನೆ ಮಾಡಿದ.